ಗ್ಲೈಡ್‌ಸ್ಲೋಪ್ ಹಿಡಿಯದ ಆಟೋಪೈಲಟ್ ಇಟ್ಟುಕೊಂಡು ಐಎಲ್‌ಎಸ್ ಅಪ್ರೋಚ್ ಮಾಡಬಹುದೇ?

ಐಎಲ್‌ಎಸ್ ಎಂದರೆ ಮೋಡದಲ್ಲೂ ರನ್‌ವೇಯತ್ತ ಇಳಿಯಲು ದಾರಿ ತೋರಿಸುವ ರೇಡಿಯೊ ವ್ಯವಸ್ಥೆ: ಅದರ ಲೋಕಲೈಜರ್ ರನ್‌ವೇಯ ನೇರವನ್ನು, ಗ್ಲೈಡ್‌ಸ್ಲೋಪ್ ಇಳಿಯಬೇಕಾದ ಇಳಿಜಾರನ್ನು ತೋರಿಸುತ್ತದೆ. ನಿಮ್ಮ ಸೆಸ್ನಾ 172 ವಿಮಾನದಲ್ಲಿ ಎಸ್-ಟೆಕ್ 30 ಎಂಬ ಆಟೋಪೈಲಟ್ ಇದೆ, ಅದು ಹೆಡಿಂಗ್ (ಮೂತಿಯ ದಿಕ್ಕು) ಮತ್ತು ಎತ್ತರವನ್ನು ಕಾಯುತ್ತದೆ, ಲೋಕಲೈಜರ್ ಜಾಡನ್ನೂ ಹಿಡಿಯುತ್ತದೆ, ಆದರೆ ಗ್ಲೈಡ್‌ಸ್ಲೋಪ್ ಮೇಲೆ ಇಳಿಯಲಾರದು. ಹೀಗಿರುವಾಗ ಮೋಡದೊಳಗೆ ಅದನ್ನು ಬಳಸಬೇಕೇ ಅಥವಾ ಪೂರ್ತಿ ಕೈಯಿಂದಲೇ ಹಾರಿಸಬೇಕೇ ಎಂದು ಕೇಳಿದ್ದೀರಿ. ಬಳಸಿ ಎಂದೇ ಹೇಳುತ್ತೇನೆ. ರೆಕ್ಕೆಗಳನ್ನು ಅದಕ್ಕೆ ಒಪ್ಪಿಸಿ, ಮೂತಿಯನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ.

ನಾನು ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ವಿಮಾನವನ್ನು ಹೆಚ್ಚಾಗಿ ಒಬ್ಬನೇ ಹಾರಿಸುತ್ತೇನೆ. ಒಬ್ಬನೇ ಇರುವಾಗ ರೇಡಿಯೊ ತಿರುಗಿಸಲು ಬಗ್ಗಿದಾಗಲೋ, ಚಾರ್ಟ್ ಮೇಲೆ ಕಣ್ಣಾಡಿಸುವಾಗಲೋ, ಗೊತ್ತಾಗದಂತೆ ರೆಕ್ಕೆ ವಾಲಿಬಿಡುತ್ತದೆ. ಆ ಕೆಲವು ಸೆಕೆಂಡುಗಳ ಕಾವಲನ್ನು ಈ ಸಾದಾ ಯಂತ್ರ ಚೆನ್ನಾಗಿ ಮಾಡುತ್ತದೆ. ಅದು ರೆಕ್ಕೆಯ ವಾಲುವಿಕೆಯನ್ನು ತಿಳಿಯುವುದು ವಿದ್ಯುತ್ತಿನಿಂದ ನಡೆಯುವ, ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್‌ನಿಂದ. ಆದ್ದರಿಂದ ಗಾಳಿ ಎಳೆದು ಜೈರೋಗಳನ್ನು ತಿರುಗಿಸುವ ವ್ಯಾಕ್ಯೂಮ್ ಪಂಪ್ ಕೈಕೊಟ್ಟು, ವಿಮಾನದ ವಾಲುವಿಕೆ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಮೆಲ್ಲಗೆ ಮಗುಚಿಕೊಂಡರೂ ಅದು ರೆಕ್ಕೆಗಳನ್ನು ಸಮವಾಗಿ ಹಿಡಿದಿರುತ್ತದೆ. ಆದರೆ ಹೆಡಿಂಗ್ ಮೋಡ್‌ನಲ್ಲಿ ಅದು ನಂಬುವುದು ದಿಕ್ಕು ತೋರಿಸುವ ಡೈರೆಕ್ಷನಲ್ ಜೈರೋವನ್ನು, ಮತ್ತು ಆ ಜೈರೋ ಸಾಮಾನ್ಯವಾಗಿ ಅದೇ ಪಂಪಿನಿಂದಲೇ ನಡೆಯುತ್ತದೆ ಎಂಬುದನ್ನು ಮರೆಯಬಾರದು.

ಅಪಾಯವಿರುವುದು ಎತ್ತರ ಹಿಡಿಯುವ ಗುಂಡಿಯಲ್ಲಿ. ಒಂದು ಚಳಿಗಾಲದ ಬೆಳಿಗ್ಗೆ ಸ್ಟಾಕ್‌ಟನ್‌ನ 29 ರೈಟ್ ರನ್‌ವೇಗೆ ಐಎಲ್‌ಎಸ್ ಅಪ್ರೋಚ್ ಮಾಡುತ್ತಿದ್ದೆ. ಸೆಂಟ್ರಲ್ ವ್ಯಾಲಿಯ ಮೇಲೆ ತಗ್ಗು ಮೋಡ ಹಾಸಿಕೊಂಡಿತ್ತು. ಗ್ಲೈಡ್‌ಸ್ಲೋಪ್ ಮುಳ್ಳು ನಡುವಿಗೆ ಬಂದಾಗ ಥ್ರಾಟಲ್ ಇಳಿಸಿದೆ, ಆದರೆ ಎತ್ತರದ ಗುಂಡಿಯನ್ನು ಬಿಡಿಸಿರಲಿಲ್ಲ. ಯಂತ್ರ ತನಗೆ ಹೇಳಿದ್ದನ್ನೇ ಮಾಡಿತು: ಎತ್ತರ ಕಳೆದುಕೊಳ್ಳಬಾರದೆಂದು ಮೂತಿಯನ್ನು ಮೇಲೆತ್ತುತ್ತಾ ಹೋಯಿತು. ಟ್ರಿಮ್ (ಕೈಯಿಂದ ಒತ್ತಿ ಹಿಡಿಯದೆಯೇ ಮೂತಿಯನ್ನು ಒಂದೇ ನಿಲುವಿನಲ್ಲಿ ನಿಲ್ಲಿಸುವ ಚಕ್ರ) ಮೇಲಕ್ಕೆ ತಿರುಗಿಸು ಎಂದು ದೀಪ ಹೊತ್ತಿಕೊಂಡಿತು, ನಾನು ಅಭ್ಯಾಸಬಲದಿಂದ ಚಕ್ರ ತಿರುಗಿಸಿದೆ. ಗಾಳಿಯ ಸದ್ದು ತಗ್ಗಿದ್ದು ಕಿವಿಗೆ ಬಿದ್ದು ನೋಡಿದರೆ, 90 ನಾಟ್ ಇದ್ದ ವೇಗ 70ಕ್ಕೆ ಇಳಿದಿತ್ತು. ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ, ದಾರಿ ಅದೇ. ಇನ್ನಷ್ಟು ಹೊತ್ತು ಗಮನಿಸದೆ ಇದ್ದಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ನೆನೆಯುತ್ತೇನೆ.

ಅಂದಿನಿಂದ ಗ್ಲೈಡ್‌ಸ್ಲೋಪ್ ಮುಳ್ಳು ಅಲುಗಿದ ಕೂಡಲೇ ಮೊದಲು ಎತ್ತರದ ಗುಂಡಿ ಬಿಡಿಸುತ್ತೇನೆ, ಬಿಡಿಸಿದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ, ಆಮೇಲೆ ಥ್ರಾಟಲ್ ಮುಟ್ಟುತ್ತೇನೆ. ಮೂರು ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ ವೇಗ 90 ನಾಟ್ ಇದ್ದರೆ ನಿಮಿಷಕ್ಕೆ ಸುಮಾರು 480 ಅಡಿ ಇಳಿಯಬೇಕು. ವಿಮಾನವನ್ನು ಆ ವೇಗಕ್ಕೆ ಮೊದಲೇ ಟ್ರಿಮ್ ಮಾಡಿಟ್ಟರೆ ಥ್ರಾಟಲ್ ಒಂದರಿಂದಲೇ ಬಹುಪಾಲು ಕೆಲಸ ಆಗುತ್ತದೆ. ಎತ್ತರದ ಗುಂಡಿ ಒತ್ತಿರುವಾಗ ಯೋಕ್ (ವಿಮಾನ ನಡೆಸುವ ಹಿಡಿ) ಎಳೆದು ಯಂತ್ರದೊಡನೆ ಜಗ್ಗಾಡಬೇಡಿ. ನಿಮ್ಮದರಲ್ಲಿ ಟ್ರಿಮ್ ಕೈಯದ್ದು, ಆದರೆ ಟ್ರಿಮ್ ತಾನೇ ತಿರುಗುವ ಆಟೋಪೈಲಟ್‌ಗಳಲ್ಲಿ ನೀವು ಎಳೆದಷ್ಟೂ ಅದು ವಿರುದ್ಧ ದಿಕ್ಕಿಗೆ ಟ್ರಿಮ್ ತುಂಬುತ್ತಾ ಹೋಗುತ್ತದೆ.

ಲೋಕಲೈಜರ್ ಹಿಡಿಯಲು 30 ಡಿಗ್ರಿ ಕೋನ ಒಳ್ಳೆಯದು. ಕೋನ ದೊಡ್ಡದಾಗಿ ಹಿಂಗಾಳಿಯೂ ಇದ್ದರೆ ಆಟೋಪೈಲಟ್ ಆ ಜಾಡನ್ನು ದಾಟಿಹೋಗಿ ಹಿಂದಕ್ಕೆ ತಡಕಾಡುತ್ತದೆ. ಅದಕ್ಕೆ ಮುಂಚೆ ಡೈರೆಕ್ಷನಲ್ ಜೈರೋವನ್ನು ದಿಕ್ಸೂಚಿಗೆ ಸರಿಹೊಂದಿಸಿ, ಗಾರ್ಮಿನ್ 430 ಎಂಬ ಜಿಪಿಎಸ್ ಮತ್ತು ರೇಡಿಯೊ ಉಪಕರಣ ಇದ್ದರೆ ಮುಳ್ಳು ಜಿಪಿಎಸ್‌ನಿಂದ ವಿಲಾಕ್‌ಗೆ (ಐಎಲ್‌ಎಸ್‌ನಂಥ ರೇಡಿಯೊ ಸಂಕೇತಕ್ಕೆ) ಬದಲಾಗಿದೆಯೇ ನೋಡಿ.

ಎಷ್ಟು ಎತ್ತರದವರೆಗೆ ಬಳಸಬಹುದು ಎಂಬುದು ನಿಮ್ಮ ವಿಮಾನದ ಕೈಪಿಡಿಯ ಪೂರಕ ಪುಟಗಳಲ್ಲಿದೆ, ಅದನ್ನು ಮೀರಬೇಡಿ. ಗ್ಲೈಡ್‌ಸ್ಲೋಪ್ ಹಿಡಿಯಬಲ್ಲ ಕೆಎಪಿ 140 ಎಂಬ ಆಟೋಪೈಲಟ್ ಕೂಡ ಅಪ್ರೋಚ್‌ನಲ್ಲಿ ನೆಲದಿಂದ 200 ಅಡಿಗಿಂತ ಕೆಳಗೆ ಚಾಲನೆಯಲ್ಲಿರುವಂತಿಲ್ಲ. ನಾನಂತೂ ಅದಕ್ಕಿಂತ ಬಹಳ ಮೊದಲೇ, ಸಾವಿರ ಅಡಿಯ ಹೊತ್ತಿಗೆ, ಆಟೋಪೈಲಟ್ ಬಿಡಿಸುವ ಕೆಂಪು ಗುಂಡಿ ಒತ್ತಿ ಪೂರ್ತಿ ಕೈಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ವಿಮಾನದ ಟ್ರಿಮ್ ಮತ್ತು ಅಡ್ಡಗಾಳಿ ಕೈಗೆ ಒಗ್ಗಲು ಸ್ವಲ್ಪ ಸಮಯ ಬೇಕು. ರನ್‌ವೇ ಕಾಣದೆ ಮೇಲೇಳಬೇಕಾದರೂ ಕೈಯಿಂದಲೇ ಪೂರ್ತಿ ಪವರ್ ಕೊಟ್ಟು ಮೂತಿ ಎತ್ತಿ, ಏರಿಕೆ ಸ್ಥಿರವಾಗಿ ಟ್ರಿಮ್ ಕೂಡಿದ ಮೇಲೆ ಹೆಡಿಂಗ್ ಮೋಡ್ ಹಾಕಿ. ಇದಿಷ್ಟನ್ನೂ ಮೊದಲು ತಿಳಿ ಆಕಾಶದ ದಿನ, ಪಕ್ಕದಲ್ಲಿ ಸೇಫ್ಟಿ ಪೈಲಟ್ ಕೂರಿಸಿಕೊಂಡು, ಹೊರಗಿನದು ಕಾಣದಂತೆ ಹುಡ್ ಹಾಕಿ ನಾಲ್ಕಾರು ಬಾರಿ ಮಾಡಿ.