ಉತ್ತರ: ಸ್ಪ್ರಿಂಟ್ ಮಧ್ಯೆ ಹೊಸ ಕೆಲಸ ಬಂದರೆ

ಶಿರಸಿಯಲ್ಲಿ ಮನೆಯಿಂದಲೇ ಕೆಲಸ, ಎರಡು ವಾರದ ಸ್ಪ್ರಿಂಟ್ (ಸಾಫ್ಟ್‌ವೇರ್ ತಂಡಗಳು ಬಳಸುವ ಸ್ಕ್ರಮ್ ಪದ್ಧತಿಯಲ್ಲಿ ಕೆಲಸದ ಒಂದು ಸುತ್ತು), ಮಧ್ಯದಲ್ಲಿ ಮ್ಯಾನೇಜರ್ ಹೊಸದೇನೋ ತುರುಕುತ್ತಾರೆ, ಕೊನೆಗೆ ಒಂದಿಷ್ಟು ಮುಗಿಯದೆ ಉಳಿಯುತ್ತದೆ, ಆಗ ಸ್ಪ್ರಿಂಟನ್ನೇ ಎರಡು ದಿನ ಎಳೆಯಬಹುದಾ ಅಂತ ಕೇಳಿದ್ದೀರಿ. ಬೇಡ. ಸ್ಪ್ರಿಂಟ್ ಅವಧಿ ಮೊದಲೇ ಗೊತ್ತು ಮಾಡಿದ್ದು, ಹೆಚ್ಚೆಂದರೆ ಒಂದು ತಿಂಗಳು. ಕೆಲಸ ಮುಗಿಯಲಿ ಬಿಡಲಿ, ಆ ದಿನಕ್ಕೆ ಅದು ಮುಗಿಯಿತು. ಉಳಿದದ್ದು ಪ್ರಾಡಕ್ಟ್ ಬ್ಯಾಕ್‌ಲಾಗ್‌ಗೆ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಗೆ, ವಾಪಸ್. ಮುಂದಿನ ಸ್ಪ್ರಿಂಟಿಗೆ ತಾನಾಗಿಯೇ ಬರುವುದಿಲ್ಲ, ಸ್ಪ್ರಿಂಟ್ ಶುರುವಿನ ಪ್ಲಾನಿಂಗಲ್ಲಿ ಮತ್ತೆ ಆರಿಸಿಕೊಳ್ಳಬೇಕು. 'ಮುಕ್ಕಾಲು ಆಗಿದೆ' ಅನ್ನುವ ಸ್ಟೋರಿಗೆ (ಪಟ್ಟಿಯ ಒಂದು ಕೆಲಸಕ್ಕೆ) ಅದರ ಗಾತ್ರ ಅಂದಾಜಿಸಿ ಕೊಟ್ಟ ಪಾಯಿಂಟಲ್ಲಿ ಅರ್ಧ ಹಾಕೋದು ಸುಮ್ನೆ ಲೆಕ್ಕ ತುಂಬಿಸೋದು ಅಷ್ಟೇ.

ಹಾಗಂತ ಹೊಸ ಕೆಲಸ ಬರಲೇಬಾರದು ಅಂತೇನಿಲ್ಲ. ಸ್ಕ್ರಮ್‌ನ ನಿಯಮಗಳಿರುವ 2020ರ ಸ್ಕ್ರಮ್ ಗೈಡ್ ಹೇಳೋದು, ಸ್ಪ್ರಿಂಟ್ ಗೋಲ್‌ಗೆ, ಅಂದರೆ ಆ ಸ್ಪ್ರಿಂಟಿನ ಗುರಿಗೆ, ತೊಂದರೆ ಆಗಬಾರದು ಅಂತ. ಅದು ಬಿಟ್ಟು ಉಳಿದದ್ದನ್ನು ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಜೊತೆ ಮಾತಾಡಿ ಬದಲಿಸಿಕೊಳ್ಳಬಹುದು. ಮುಂದಿನ ಸಲ ನೇರವಾಗಿ ಕೇಳಿ: "ಸರ್, ಇದನ್ನು ತಗೊಳ್ತೇವೆ, ಬದಲಿಗೆ ಯಾವುದನ್ನು ಹೊರಗಿಡಲಿ, ಲಾಗಿನ್ ಪೇಜಾ, ರಿಪೋರ್ಟಾ?" ಫೋನಲ್ಲಿ ಹೂಂ ಅಂದು ಬಿಡಬೇಡಿ, ತಂಡದ ಕೆಲಸಗಳನ್ನು ತೋರಿಸುವ ಬೋರ್ಡ್ ಮೇಲೆ ಅದರ ಕಾರ್ಡ್ ಹಾಕಿಸಿ. ಗೋಲ್‌ಗೇ ಅರ್ಥ ಇಲ್ಲದಂತಾದರೆ ಸ್ಪ್ರಿಂಟ್ ರದ್ದು ಮಾಡಬಹುದು, ಆದರೆ ಅದು ಪ್ರಾಡಕ್ಟ್ ಓನರ್ ಕೈಲಿ ಮಾತ್ರ.

ಇನ್ನೊಂದು, ಪ್ಲಾನಿಂಗಲ್ಲೇ ರಜೆ ದಿನಗಳನ್ನು ಲೆಕ್ಕದಿಂದ ಕಳೆದುಬಿಡಿ. ಅಡಿಕೆಯ ಕೊನೆ ಕೊಯ್ಲು, ಮಾರಿಕಾಂಬಾ ಜಾತ್ರೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ್ದು, ಇದೆಲ್ಲ ಬೆಂಗಳೂರಲ್ಲಿ ಕೂತವರಿಗೆ ನೀವು ಹೇಳದೆ ಹೇಗೆ ಗೊತ್ತಾಗಬೇಕು, ಅಲ್ವಾ? ದಿನದ 15 ನಿಮಿಷದ ಡೈಲಿ ಸ್ಕ್ರಮ್ ಸಭೆ ಇರೋದು ಮ್ಯಾನೇಜರ್‌ಗೆ ವರದಿ ಒಪ್ಪಿಸೋಕಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಆ ಸಭೆಯಲ್ಲೇ ಹೇಳಿ, ಕೊನೇ ದಿನದ ತನಕ ಕಾಯಬೇಡಿ.