ಹಳೆ ಔಟ್‌ಬೋರ್ಡ್‌ನಲ್ಲಿ ಪ್ಲಗ್ ಪದೇ ಪದೇ ಕಪ್ಪಾಗುವುದಕ್ಕೆ

ದೋಣಿಯ ಹಿಂದೆ ಕಟ್ಟುವ, ಎರಡು ಸಿಲಿಂಡರ್‌ನ ನಿಮ್ಮ ಹಳೆ ಸೀಮೆಎಣ್ಣೆ ಮೋಟಾರಿಗೆ (ಔಟ್‌ಬೋರ್ಡ್) ಹೊಸ ಸ್ಪಾರ್ಕ್ ಪ್ಲಗ್ ಹಾಕಿದರೂ ಬೇಗ ಕಪ್ಪಾಗಿ ಮಿಸ್ ಹೊಡೆಯುತ್ತದೆ ಅಂದಿದ್ದೀರಿ. ಸುಮ್ನೆ ಪ್ಲಗ್ ಬದಲಿಸುತ್ತಾ ದುಡ್ಡು ಕಳೆಯಬೇಡಿ. ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿ. ಒಂದು ಮಾತ್ರ ಒದ್ದೆಯಾಗಿದ್ದರೆ ಆ ಸಿಲಿಂಡರ್‌ನ ಪ್ಲಗ್ ಕ್ಯಾಪ್, ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ನೋಡಿ. ಕಾಯಿಲ್ ಬೇರೆಬೇರೆ ಇದ್ದರೆ ಅದಲುಬದಲು ಮಾಡಿ. ತೊಂದರೆಯೂ ಜೊತೆಗೇ ಆಚೆ ಸಿಲಿಂಡರ್‌ಗೆ ಹೋದರೆ ಕಾಯಿಲೇ ಕೆಟ್ಟಿದೆ. ಎರಡೂ ಜಿಡ್ಡುಜಿಡ್ಡಾಗಿದ್ದರೆ ಇಂಧನಕ್ಕೆ ಬೆರೆಸುವ ಆಯಿಲ್ ಜಾಸ್ತಿಯಾಗಿರಬಹುದು, ಇಲ್ಲವೇ ಚೋಕ್ (ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆಯುತ್ತಿಲ್ಲ. ಆಯಿಲ್ ಅಂದಾಜಿಗೆ ಸುರಿಯಬೇಡಿ, ಕಂಪನಿ ಹೇಳಿದ ಅಳತೆಯನ್ನೇ ಹಾಕಿ. 50:1 ಅಂದರೆ ಲೀಟರ್ ಇಂಧನಕ್ಕೆ 20 ಮಿಲಿ ಆಯಿಲ್. ಪ್ಲಗ್ ಉಳಿಸೋಕೆ ಅಂತ ಅದಕ್ಕಿಂತ ಕಡಿಮೆ ಮಾಡಿದರೆ ಪಿಸ್ಟನ್ನೇ ಜಾಮ್ ಆಗುತ್ತದೆ! ಬಲೆ ಎಳೆಯುವಾಗ ತುಂಬ ಹೊತ್ತು ಐಡಲ್‌ನಲ್ಲಿ (ಗೇರ್ ಇಲ್ಲದೆ ನಿಧಾನಕ್ಕೆ ಓಡುತ್ತಾ) ಬಿಡಬೇಡಿ. ದಡಕ್ಕೆ ಬರುವ ಮುಂಚೆ ಸೀಮೆಎಣ್ಣೆಯಿಂದ ಪೆಟ್ರೋಲ್‌ಗೆ ತಿರುಗಿಸಿ, ಸ್ವಲ್ಪ ಓಡಿಸಿ ನಿಲ್ಲಿಸಿ.