ತಿಥಿಯ ಮರುದಿನ ಹೊಡೆದ ಎರಡು ಗೋಲು

ಬೆಂಗಳೂರಿನ ಓದುಗರೊಬ್ಬರು ತಮ್ಮನ ಬಗ್ಗೆ ಬರೆದಿರುವ ಪತ್ರವನ್ನು, ಬೇರೆಲ್ಲ ಪತ್ರಗಳನ್ನು ಬದಿಗಿಟ್ಟು, ಈ ವಾರ ಕೈಗೆತ್ತಿಕೊಂಡಿದ್ದೇನೆ. ಅದರಲ್ಲಿರುವ ಒಂದು ಮಾತು ನನಗೆ ಸಿಟ್ಟು ತರಿಸಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪತ್ರದ ಸಾರ ಇಷ್ಟು. ತಮ್ಮನಿಗೆ 24 ವರ್ಷ, ನಗರದ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಫಾರ್ವರ್ಡ್ ಆಟಗಾರ. ಒಂದು ವರ್ಷದ ಹಿಂದೆ ತಂದೆ ಹೃದಯಾಘಾತದಿಂದ ತೀರಿಕೊಂಡರು. ಕಳೆದ ಆರು ತಿಂಗಳಿಂದ ಅವನು ಅಭ್ಯಾಸ ತಪ್ಪಿಸುತ್ತಿದ್ದಾನೆ, ರಾತ್ರಿ ಕುಡಿದು ಮನೆಗೆ ಬರುತ್ತಾನೆ. ಕ್ಲಬ್ ಅವನನ್ನು ತಂಡದಿಂದ ಕೈಬಿಟ್ಟಿದೆ, ನಿಶ್ಚಯವಾಗಿದ್ದ ಮದುವೆಯೂ ಮುರಿದುಬಿದ್ದಿದೆ. ಆಟ ಬಿಡಿಸಿ ದೊಡ್ಡಪ್ಪನ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂರಿಸುವುದೋ, ಗದರಿಸಿ ಮತ್ತೆ ಮೈದಾನಕ್ಕೆ ಅಟ್ಟುವುದೋ ಎಂಬುದು ಅಕ್ಕನ ಪ್ರಶ್ನೆ. ಈ ನಡುವೆ ಕೋಚ್ ಮನೆಗೆ ಬಂದು, ತಾಯಿಯ ಎದುರಿಗೇ, "ಇವನೂ ಅಡ್ರಿಯಾನೊ ಥರ, ಕೈಗೆ ಬಂದದ್ದನ್ನು ಕುಡಿದು ಕಳೆದುಕೊಳ್ಳುವವನು" ಎಂದರಂತೆ.

ಸೋದರಿ, ಆ ಕೋಚ್‌ಗೆ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಅಡ್ರಿಯಾನೊ ಕಥೆಯ ಕೊನೆಯ ಪುಟ ಮಾತ್ರ ಗೊತ್ತಿದೆ. ರಿಯೊ ಡಿ ಜನೈರೊದ ವಿಲಾ ಕ್ರುಜೇರೊ ಎಂಬ ಬಡ ಬಡಾವಣೆಯಲ್ಲಿ ಬೆಳೆದ ಹುಡುಗ ಅವರು. ಹತ್ತು ವರ್ಷದವರಿದ್ದಾಗ ತಂದೆ ಅಲ್ಮಿರ್ ಅವರ ತಲೆಗೆ ಎಲ್ಲಿಂದಲೋ ಹಾರಿಬಂದ ಗುಂಡು ಬಿತ್ತು. ಜೀವ ಉಳಿಯಿತಾದರೂ ಗುಂಡು ತಲೆಯೊಳಗೇ ಉಳಿದು, ಆಗಾಗ ಫಿಟ್ಸ್ ಬರತೊಡಗಿತು. ಅಪ್ಪ ನೆಲಕ್ಕೆ ಬಿದ್ದು ಒದ್ದಾಡುವುದನ್ನು ನೋಡುತ್ತಲೇ ಬೆಳೆದ ಮಗ, 2004ರ ಜುಲೈನಲ್ಲಿ ಪೆರುವಿನ ಲಿಮಾದಲ್ಲಿ ನಡೆದ ಕೋಪಾ ಅಮೆರಿಕ ಫೈನಲ್‌ನಲ್ಲಿ, ಆಟ ಇನ್ನೇನು ಮುಗಿಯಿತು ಎನ್ನುವಾಗ ಅರ್ಜೆಂಟೀನಾ ವಿರುದ್ಧ ಸಮಬಲದ ಗೋಲು ಹೊಡೆದರು. ಬ್ರೆಜಿಲ್ ಪೆನಾಲ್ಟಿಯಲ್ಲಿ ಗೆದ್ದಿತು. ಕೆಲವೇ ದಿನಗಳಲ್ಲಿ ಅಲ್ಮಿರ್ ಹೃದಯಾಘಾತದಿಂದ ತೀರಿಕೊಂಡರು. ಅಡ್ರಿಯಾನೊ ಆಗ ಆಡುತ್ತಿದ್ದ ಇಟಲಿಯ ಇಂಟರ್ ಕ್ಲಬ್ಬಿನ ನಾಯಕರಾಗಿದ್ದ ಹಾವಿಯರ್ ಝನೆಟ್ಟಿ ಆ ಫೋನ್ ಕರೆ ಬಂದ ಕ್ಷಣವನ್ನು ಮುಂದೆ ನೆನಪಿಸಿಕೊಂಡಿದ್ದಾರೆ: ಅಡ್ರಿಯಾನೊ ಫೋನನ್ನು ಎಸೆದು ಚೀರತೊಡಗಿದರು, ಅಂಥ ಚೀರಾಟವನ್ನು ಊಹಿಸಲೂ ಆಗದು ಎಂದು.

ಆಮೇಲೆ ನಡೆದದ್ದನ್ನು ದಯವಿಟ್ಟು ನಿಧಾನವಾಗಿ ಓದಿ. ಅಡ್ರಿಯಾನೊ ಆಟ ನಿಲ್ಲಿಸಲಿಲ್ಲ. ಗೋಲಿನ ಮೇಲೆ ಗೋಲು ಹೊಡೆದರು. 2005ರ ಕಾನ್ಫೆಡರೇಷನ್ಸ್ ಕಪ್‌ನಲ್ಲಿ 5 ಗೋಲು, ಫೈನಲ್ ಒಂದರಲ್ಲೇ 2, ಜೊತೆಗೆ ಟೂರ್ನಿಯ ಶ್ರೇಷ್ಠ ಆಟಗಾರ ಎಂಬ ಪ್ರಶಸ್ತಿ. ಇಟಲಿಯ ಅಭಿಮಾನಿಗಳಿಗೆ ಅವರು 'ಚಕ್ರವರ್ತಿ'. ಇಷ್ಟು ಗೋಲು ಹೊಡೆಯುವವನಿಗೆ ಏನಾಗಿದೆ ಎಂದು ಯಾರು ಕೇಳುತ್ತಾರೆ? ಕುಡಿತ ಕೈಮೀರಿ ಆಟ ಕೈಕೊಟ್ಟಾಗಲೇ ಎಲ್ಲರಿಗೂ ಅವರ ಒಳಗಿನ ಸ್ಥಿತಿ ಕಂಡದ್ದು. 2009ರಲ್ಲಿ ಆಟದ ಸಂತೋಷವೇ ಹೋಗಿದೆ ಎಂದು ಇಂಟರ್ ಬಿಟ್ಟು ರಿಯೊಗೆ ಮರಳಿದರು. ಅದೇ ವರ್ಷ ಅಲ್ಲಿನ ಫ್ಲಮೆಂಗೊ ಕ್ಲಬ್ ಪರ 19 ಗೋಲು ಹೊಡೆದು ಬ್ರೆಜಿಲ್ ಲೀಗ್ ಗೆಲ್ಲಿಸಿಕೊಟ್ಟರು ಎಂಬುದನ್ನು ಕೋಚ್ ಸಾಹೇಬರು ಹೇಳಲಿಲ್ಲ, ನೋಡಿ. ಆದರೂ 2010ರ ವಿಶ್ವಕಪ್ ತಂಡದಲ್ಲಿ ಸ್ಥಾನ ಸಿಗಲಿಲ್ಲ, ರೋಮಾ ಕ್ಲಬ್ ಒಪ್ಪಂದ ಮುರಿಯಿತು, 2011ರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ತಂದೆ ಹೋದ ಮೇಲೆ ಆಟದ ಮೇಲಿನ ಪ್ರೀತಿ ಮೊದಲಿನಂತೆ ಉಳಿಯಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅವರನ್ನು ಖಿನ್ನತೆಯಿಂದ ಹೊರತರಲಾಗದ್ದು ತನ್ನ ಬಹುದೊಡ್ಡ ಸೋಲು ಎಂದು ಝನೆಟ್ಟಿ ಕೊರಗಿದ್ದಾರೆ. ಸಹ ಆಟಗಾರನೊಬ್ಬ ಅದನ್ನು ತನ್ನ ಸೋಲೆಂದು ಭಾವಿಸಿದ್ದಾನೆ. ನಿಮ್ಮ ಕೋಚ್ ಅದನ್ನು ಬೈಗುಳವಾಗಿ ಬಳಸಿದ್ದಾರೆ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ನಾಲ್ಕು ಪುಟದ ಪತ್ರದಲ್ಲಿ ಮೂರು ಪುಟ ಕುಡಿತ ಮತ್ತು ಮುರಿದ ಮದುವೆಗೆ ಮೀಸಲಾಗಿದೆ. ಮೂರನೆಯ ಪುಟದ ಕೊನೆಯಲ್ಲಿ, ಬೇರೇನೋ ಹೇಳುವ ಭರದಲ್ಲಿ, ನೀವು ಬರೆದ ಸಾಲು ಇದು: "ಅಪ್ಪನ ಹನ್ನೊಂದನೆಯ ದಿನದ ತಿಥಿ ಮುಗಿಸಿ ಮರುದಿನವೇ ಪಂದ್ಯ ಆಡಿ ಎರಡು ಗೋಲು ಹೊಡೆದ, ನಮಗೆಲ್ಲ ಹೆಮ್ಮೆಯಾಯಿತು." ಇಡೀ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಈ ಸಾಲೇ. ಆ ಎರಡು ಗೋಲುಗಳನ್ನು ನೀವೆಲ್ಲ ಅವನು ಸುಧಾರಿಸಿಕೊಂಡ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಂಡಿರಿ, ಮುಂದಿನ ಆರು ತಿಂಗಳು ಯಾರೂ ಅವನ ಹತ್ತಿರ ಅಪ್ಪನ ಮಾತೆತ್ತಲಿಲ್ಲ. ಬೆಳಗಿನ ಜಾವ ಅವನನ್ನು ಅಭ್ಯಾಸಕ್ಕೆ ಬಿಟ್ಟುಬರುತ್ತಿದ್ದ ಅಪ್ಪನ ಸ್ಕೂಟರ್ ಇನ್ನೂ ಮನೆ ಮುಂದೆಯೇ ನಿಂತಿದೆ, ಅವನು ಮಾತ್ರ ಎರಡು ಬಸ್ಸು ಬದಲಾಯಿಸಿ ಓಡಾಡುತ್ತಾನೆ ಎಂದೂ ನೀವೇ ಬರೆದಿದ್ದೀರಿ, ಹಟಮಾರಿತನಕ್ಕೆ ಉದಾಹರಣೆಯಾಗಿ! ಅದು ಹಟ ಎಂದು ನಿಮಗೆ ಹೇಗೆ ಅನ್ನಿಸಿತೋ ನನಗೆ ತಿಳಿಯದು.

ಈ ಅಂಕಣವನ್ನು ಓದುತ್ತಾ ಬಂದವರಿಗೆ ಗೊತ್ತಿರುವಂತೆ, ಸಾವಿನ ಮನೆಗೆ ಬಂದು ಜವಾಬ್ದಾರಿ ಹಂಚುವ ಹಿರಿಯರನ್ನು ಕಂಡರೆ ನನಗೆ ಆಗುವುದಿಲ್ಲ. ನಿಮ್ಮ ದೊಡ್ಡಪ್ಪನವರು ಚಿತೆಗೆ ಬೆಂಕಿ ಕೊಟ್ಟು ಬಂದ ಹುಡುಗನ ಭುಜ ಹಿಡಿದು, "ಇನ್ನು ಮನೆಗೆ ನೀನೇ ಗಂಡಸು, ನೀನು ಅತ್ತರೆ ಅಮ್ಮನ ಗತಿಯೇನು" ಎಂದರು. ಅವನು ಅಳುವುದನ್ನು ಅವತ್ತೇ ನಿಲ್ಲಿಸಿದ. ಈಗ ಅದೇ ದೊಡ್ಡಪ್ಪ ತಮ್ಮ ಅಂಗಡಿಯಲ್ಲಿ ಒಬ್ಬ ಗುಮಾಸ್ತನ ಸಂಬಳ ಉಳಿಸಿಕೊಳ್ಳುವ ಏರ್ಪಾಡನ್ನು ಉಪಕಾರವೆಂಬಂತೆ ಮುಂದಿಟ್ಟಿದ್ದಾರೆ. ಮದುವೆ ಮುರಿದ ಹೆಣ್ಣಿನ ಮನೆಯವರನ್ನು ನೀವು ದೂಷಿಸಿದ್ದೀರಿ, ನಾನು ದೂಷಿಸಲಾರೆ; ಕುಡಿದು ಬರುವವನಿಗೆ ಮಗಳನ್ನು ಕೊಡಲು ಹಿಂಜರಿಯುವುದು ತಪ್ಪಲ್ಲ. ತಮ್ಮನ ಕುಡಿತವನ್ನೂ ನಾನು ಸಮರ್ಥಿಸುತ್ತಿಲ್ಲ. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದರೂ, ಕತ್ತು ಹಿಡಿದು ಮೈದಾನಕ್ಕೆ ತಳ್ಳಿದರೂ ಅವನು ಕುಡಿಯುತ್ತಲೇ ಇರುತ್ತಾನೆ. ಆದ್ದರಿಂದ ನೀವು ಕೇಳಿದ ಎರಡು ಆಯ್ಕೆಗಳಲ್ಲಿ ಯಾವುದನ್ನೂ ನಾನು ಆರಿಸಿಕೊಡುವುದಿಲ್ಲ.

ಮಾಡಬೇಕಾದದ್ದು ಒಂದೇ. ಈ ವಾರವೇ ಅವನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ವ್ಯಸನ ಬಿಡಿಸುವ ವಿಭಾಗವೂ ಅಲ್ಲೇ ಇದೆ, ನೀವಿರುವುದೂ ಅದೇ ಊರಿನಲ್ಲಿ. 'ನಿನ್ನ ಕುಡಿತ ಬಿಡಿಸಲು' ಎಂದು ಹೇಳಬೇಡಿ. ಅಪ್ಪ ಹೋದ ಮೇಲೆ ನಾವಿಬ್ಬರೂ ಸರಿಯಿಲ್ಲ, ಇಬ್ಬರೂ ಹೋಗೋಣ ಎನ್ನಿ. ಅದು ಸುಳ್ಳೂ ಆಗುವುದಿಲ್ಲ, ಏಕೆಂದರೆ ನಾಲ್ಕು ಪುಟದ ಪತ್ರದಲ್ಲಿ ನೀವು ತಂದೆಯನ್ನು ಕಳೆದುಕೊಂಡ ನಿಮ್ಮ ದುಃಖದ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮೊದಲು ನೀವೇ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ಆಟದ ಮಾತು, ಮದುವೆಯ ಮಾತು ವೈದ್ಯರು ಹೇಳುವವರೆಗೆ ಮನೆಯಲ್ಲಿ ಯಾರೂ ಎತ್ತಕೂಡದು. ದೊಡ್ಡಪ್ಪನವರಿಗೆ ಇದನ್ನೆಲ್ಲ ತಿಳಿಸುವ ಅಗತ್ಯವಿಲ್ಲ.